ಎಳ್ಳುನೀರು ಹುಡುಕಿದರೆ ಕುದುರೆ ಬಂತು

ಪ್ರೀತಿಯ ಗೆಳೆಯಾ,

ಅಮಾವಾಸ್ಯೆ ದಿನ ಫೋನ್ ಎತ್ತಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಅಪ್ಪನ ವರ್ಷಾಬ್ದಿಕ ಮುಗಿದ ಮೇಲೆ ಬಂದ ಮೊದಲ ಮಹಾಲಯ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆ. ಫೋನು ಕಾರಿನಲ್ಲೇ ಇತ್ತು.

ಹಿಂದಿನ ರಾತ್ರಿ ಆದದ್ದು ಕೇಳು. ಏನೇನು ಸಾಮಾನು ಬೇಕು ಅಂತ ನೋಡೋಕೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ತರ್ಪಣ ಅಂತ ಒತ್ತಿದೆ. ಕೊನೆಯ 'ಎ' ಬಿಟ್ಟುಹೋಗಿತ್ತು. ದರ್ಭೆ, ಎಳ್ಳು ಬರುವ ಬದಲು ಕುದುರೆ ಬಂತು ಮಾರಾಯ! ಟಾರ್ಪಾನ್. ರಷ್ಯಾ, ಉಕ್ರೇನ್ ಕಡೆಯ ಹುಲ್ಲುಬಯಲಿನಲ್ಲಿದ್ದ ಕಾಡುಕುದುರೆ. ಅದರ ಹೆಸರು ಆ ಕಡೆಯ ತುರ್ಕಿ ಭಾಷೆಗಳದ್ದು. ನಮ್ಮ ತರ್ಪಣ ಸಂಸ್ಕೃತದ್ದು, ತೃಪ್ತಿಯ ಒಡಹುಟ್ಟು. ಒಂದಕ್ಕೊಂದು ಸಂಬಂಧವಿಲ್ಲ. ಆದರೂ ನಿದ್ದೆ ಬಿಟ್ಟು ಓದುತ್ತಾ ಕೂತೆ.

ಇಲಿ ಬಣ್ಣದ ಗಿಡ್ಡ ಕುದುರೆಯಂತೆ. ಬೆನ್ನುದ್ದಕ್ಕೂ ಒಂದು ಕಪ್ಪು ಪಟ್ಟೆ. ರೈತರಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಚಳಿಗಾಲಕ್ಕೆಂದು ಒಟ್ಟಿದ ಹುಲ್ಲನ್ನು ಮೇಯುತ್ತಿತ್ತು. ಗಂಡು ಬಂದು ಊರಿನ ಹೆಣ್ಣುಕುದುರೆಗಳನ್ನು ಹಿಂಡಿಗೆ ಹೊಡೆದುಕೊಂಡು ಹೋಗುತ್ತಿತ್ತು. ಜನ ಬೇಟೆಯಾಡಿದರು, ಬಯಲನ್ನು ಉತ್ತು ಹೊಲ ಮಾಡಿದರು. ಉಳಿದವು ಸಾಕುಕುದುರೆಗಳ ಜೊತೆ ಬೆರೆತುಹೋದವು. ಬಯಲಿನಲ್ಲಿದ್ದ ಕೊನೆಯದು ಸತ್ತದ್ದು 1879ರಲ್ಲಿ, ಉಕ್ರೇನಿನ ಅಸ್ಕಾನಿಯಾ ನೋವಾ ಹತ್ತಿರ. ಸೆರೆಯಲ್ಲಿದ್ದ ಕೊನೆಯದು 1909ರಲ್ಲಿ. ನಾವು ಆಸೆ ಬಿಟ್ಟ ಸಾಲಕ್ಕೆ 'ಎಳ್ಳುನೀರು ಬಿಟ್ಟೆ' ಅಂತೀವಲ್ಲ, ಈ ಕುದುರೆಗೆ ಅದು ಬದುಕಿದ್ದಾಗಲೇ ಬಿಟ್ಟಾಗಿತ್ತು.

ಮಂಗೋಲಿಯಾದ ತಾಖಿ ಅನ್ನೋ ಕಾಡುಕುದುರೆಯ ಹಣೆಬರಹ ವಾಸಿ. ಅದು ಬಯಲಿನಲ್ಲಿ ಕೊನೆಗೆ ಕಂಡದ್ದು 1969ರ ಸುಮಾರಿಗೆ. ಆದರೆ ಮೃಗಾಲಯಗಳಲ್ಲಿ ಸಂತಾನ ಉಳಿದಿತ್ತು, 1992ರಲ್ಲಿ ಊರಿಗೆ ವಾಪಸ್ ಕರೆತಂದರು. ಟಾರ್ಪಾನಿಗೆ ಆ ಭಾಗ್ಯವಿಲ್ಲ. 1930ರ ದಶಕದಲ್ಲಿ ಜರ್ಮನಿಯ ಹೆಕ್ ಸಹೋದರರು ಬೇರೆ ತಳಿಗಳನ್ನು ಕೂಡಿಸಿ ಅದರಂತೆ ಕಾಣುವ ಕುದುರೆ ಮಾಡಿದರು. ವೇಷ ಅಷ್ಟೇ ಅನ್ನು. ಸಾಲದ್ದಕ್ಕೆ ಟಾರ್ಪಾನ್ ಅಪ್ಪಟ ಕಾಡುಕುದುರೆ ಹೌದೋ ಅಲ್ಲವೋ ಅಂತಲೇ ತಕರಾರು. 2021ರ ಡಿಎನ್‌ಎ ಅಧ್ಯಯನದಲ್ಲಿ ಬೆರಕೆ ತಳಿ ಅಂತ ಬಂತು. ಗೋತ್ರವೂ ನಿಕ್ಕಿಯಿಲ್ಲ, ಪಾಪ.

ಬೆಳಿಗ್ಗೆ ಪುರೋಹಿತರು ಗೋತ್ರ ಕೇಳಿದಾಗ ಅದಕ್ಕೇ ನಗು ಬಂದುಬಿಟ್ಟಿತು. ಅವರು ಕನ್ನಡಕದ ಮೇಲಿಂದ ನೋಡಿದರು. ಜನಿವಾರ ಬಲಹೆಗಲಿಗೆ, ಮುಖ ದಕ್ಷಿಣಕ್ಕೆ. ದೇವರಿಗಾದರೆ ಬೆರಳ ತುದಿಯಿಂದ ನೀರು, ಪಿತೃಗಳಿಗೆ ಹೆಬ್ಬೆರಳು ತೋರುಬೆರಳಿನ ನಡುವಿನಿಂದ. ಕರಿ ಎಳ್ಳು ಆ ಸಂದಿಯಲ್ಲೇ ಅಂಟಿ ಕೂರುತ್ತದೆ ಕಣೋ. ನೀರು ಹೋದರೂ ನಾಲ್ಕು ಕಾಳು ಹೋಗೋದಿಲ್ಲ. ಅಪ್ಪನ ಹೆಸರು ಹೇಳುವಾಗ ಆದದ್ದನ್ನು ಬರೆಯೋಲ್ಲ, ನಿನಗೆ ಗೊತ್ತು.

ಆಮೇಲೆ 'ಯೇಷಾಂ ನ ಮಾತಾ ನ ಪಿತಾ ನ ಬಂಧುಃ' ಅಂತ ಹೇಳಿಸಿದರು. ತಾಯಿ, ತಂದೆ, ನೆಂಟರು ಯಾರೂ ಇಲ್ಲದವರಿಗೆ. ಆ ಸಲದ ನೀರು ಬಿಡುವಾಗ ಇಲಿ ಬಣ್ಣದ ಬೆನ್ನು, ಅದರ ಕಪ್ಪು ಪಟ್ಟೆ ಕಣ್ಮುಂದೆ ಬಂತು. ಅದಕ್ಕೇ ಹೋಗಲಿ ಅಂದುಕೊಂಡೆ. ಪುರೋಹಿತರಿಗೆ ಹೇಳಲಿಲ್ಲ, ಸುಮ್ನೆ ಯಾಕೆ. ಕೊನೆಗೆ ಒದ್ದೆ ಬಟ್ಟೆಯ ತುದಿ ಹಿಂಡಿಸಿದರು. ಆ ನೀರು ನಮ್ಮ ಕುಲದಲ್ಲಿ ಮಕ್ಕಳಿಲ್ಲದೆ ಹೋದವರಿಗೆ. ನನಗೆ ಚಿಕ್ಕಜ್ಜಿ ನೆನಪಾದರು.

ನಿಮ್ಮಪ್ಪ ಗಟ್ಟಿಮುಟ್ಟಾಗಿದ್ದಾರೆ, ಇದೆಲ್ಲ ನಿನಗಿನ್ನೂ ಬೇಡ. ಆದರೆ ಭೀಷ್ಮನಿಗೆ ಮಾತ್ರ ಅಪ್ಪ ಇರುವವರೂ ನೀರು ಬಿಡಬಹುದು. ಅವನಿಗೂ ಮಕ್ಕಳಿರಲಿಲ್ಲ ಅಲ್ವಾ. ರಥಸಪ್ತಮಿಯ ಮಾರನೇ ದಿನ ಭೀಷ್ಮಾಷ್ಟಮಿ. ರಜಾ ಹಾಕಿ ಬಾ, ಹೊಳೆಗೆ ಹೋಗೋಣ. ಚೊಂಬು ನಾನು ತರ್ತೀನಿ.

ಇಂತಿ,
ನಿನ್ನ ಗೆಳೆಯ