ಸ್ವಂತ ಸಾಮಾನು ಏಳು ಕೆ.ಜಿ. ದಾಟದಿರಲಿ

ಮಾನ್ಯ ಸಂಪಾದಕರೇ,

ಕಾಫಿ, ಮೆಣಸಿನ ಕೊಯ್ಲು ಮುಗಿಸಿ ಮಕ್ಕಳ ಮನೆಗೆಂದು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಕ್ಕೆ ಹೊರಡುವ ಹಿರಿಯರು ಈಗ ಕೊಡಗಿನ ಊರೂರಲ್ಲೂ ಇದ್ದಾರೆ. ಮೂರು ತಿಂಗಳೋ ಆರು ತಿಂಗಳೋ ಇರಬೇಕಲ್ಲ ಎಂದು ಎರಡು ದೊಡ್ಡ ಸೂಟ್‌ಕೇಸು, ಮೇಲೊಂದು ಟ್ರಾಲಿ, ಹೆಗಲಿಗೊಂದು ಚೀಲ ಕಟ್ಟುತ್ತಾರೆ. ನಮ್ಮ ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಬೆಂಗಳೂರಿಗಾದರೆ ರಾತ್ರಿಯಿಡೀ ಬಸ್ಸು, ಮಂಗಳೂರಿಗಾದರೆ ಸಂಪಾಜೆ ಘಾಟಿ, 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣಕ್ಕಾದರೆ ಮಾಕುಟ್ಟ ಇಳಿದು ಇರಿಟ್ಟಿ, ಮಟ್ಟನ್ನೂರು. ಹೊರಡುವ ಮೊದಲೇ ಹೊರೆ ಎತ್ತಿ ಇಳಿಸಿ ಸುಸ್ತಾಗಿರುತ್ತದೆ. ದಾರಿಯಲ್ಲಿ ಸೂಟ್‌ಕೇಸು ತಪ್ಪಿಹೋದರೆ ರಕ್ತದೊತ್ತಡದ ಮಾತ್ರೆಯೂ ಅದರೊಂದಿಗೆ ಹೋಗಿರುತ್ತದೆ.

ನಾನು ಹೇಳಬಯಸುವುದು ಇಷ್ಟು: ಪ್ರಯಾಣ ಎಷ್ಟು ದಿನದ್ದಾದರೂ ನಿಮ್ಮ ಸ್ವಂತ ಬಳಕೆಯ ಸಾಮಾನೆಲ್ಲ ವಿಮಾನದೊಳಗೆ ಕೊಂಡೊಯ್ಯುವ 7 ಕೆ.ಜಿ. ಚೀಲದಲ್ಲೇ ಮುಗಿಯಬೇಕು. ಮಕ್ಕಳಿಗೆ ತಿಂಡಿ, ಉಡುಗೊರೆ ಒಯ್ಯುವುದಿದ್ದರೆ ಮಾತ್ರ ಕೌಂಟರಿನಲ್ಲಿ ಒಪ್ಪಿಸುವ ಚೆಕ್‌ಇನ್ ಸೂಟ್‌ಕೇಸು. ಅದು ತಡವಾಗಿ ಬಂದರೂ, ಬಾರದೇ ಹೋದರೂ ನಿಮ್ಮ ದಿನ ಕೆಡಬಾರದು.

ಏಳು ಕೆ.ಜಿ. ಎಂಬ ಲೆಕ್ಕ ಎಲ್ಲಿಂದ ಬಂತೆಂದರೆ, ನಮ್ಮವರು ಹೆಚ್ಚಾಗಿ ಹತ್ತುವ ವಿಮಾನಗಳ ಎಕಾನಮಿ ಟಿಕೆಟ್‌ಗೆ ಇರುವ ಮಿತಿಯೇ ಅದು. ಏರ್ ಇಂಡಿಯಾದಲ್ಲಿ 7 ಕೆ.ಜಿ., 55×40×20 ಸೆಂ.ಮೀ.; ಇಂಡಿಗೋದಲ್ಲಿ 7 ಕೆ.ಜಿ., 55×35×25, ಎಮಿರೇಟ್ಸ್‌ನಲ್ಲಿ 7 ಕೆ.ಜಿ., 55×38×22. ಉದ್ದ, ಅಗಲ, ದಪ್ಪ ಮೂರನ್ನೂ ಕೂಡಿದರೆ ಎಲ್ಲದರಲ್ಲೂ 115 ಸೆಂ.ಮೀ. ಲುಫ್ತಾನ್ಸಾ 8 ಕೆ.ಜಿ. ಬಿಡುತ್ತದೆ, ಬ್ರಿಟಿಷ್ ಏರ್‌ವೇಸ್ 23 ಕೆ.ಜಿ.ವರೆಗೂ ಬಿಡುತ್ತದೆ. ಆದರೆ ಒಂದೇ ಪ್ರಯಾಣದಲ್ಲಿ ಎರಡು ಮೂರು ಕಂಪನಿಗಳ ವಿಮಾನ ಬದಲಿಸುವುದಿದ್ದರೆ ಅತಿ ಬಿಗಿಯಾದ ಮಿತಿಯನ್ನೇ ಹಿಡಿಯಬೇಕು. ಯುರೋಪಿನೊಳಗೆ ವಿಜ್ ಏರ್‌ನಂಥ ಅಗ್ಗದ ವಿಮಾನ ಹತ್ತುವವರಿಗೆ ಉಚಿತವಾಗಿ ಸಿಗುವುದು ಸೀಟಿನ ಕೆಳಗೆ ಹಿಡಿಸುವ 40×30×20ರ ಚೀಲ ಮಾತ್ರ. ಮೈಸೂರಿನಿಂದ ಹಾರುವ ಎಟಿಆರ್ ಎಂಬ ಸಣ್ಣ ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು. ಅಳತೆಯೊಳಗಿರುವ ಟ್ರಾಲಿಯನ್ನೂ ಮೆಟ್ಟಿಲ ಬಳಿಯೇ ತೆಗೆದುಕೊಂಡು ಕೆಳಗಿನ ಸಾಮಾನು ಕೋಣೆಗೆ ಹಾಕಬಹುದು. ನಿಯಮಗಳು ಬದಲಾಗುತ್ತಲೇ ಇರುವುದರಿಂದ ಹೊರಡುವ ವಾರ ನಿಮ್ಮ ಟಿಕೆಟ್ ತೆರೆದು ಇನ್ನೊಮ್ಮೆ ನೋಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ಅಂಗಡಿಯಲ್ಲಿ. ಗಟ್ಟಿ ಮೈಯ, ನಾಲ್ಕು ಚಕ್ರದ ಕ್ಯಾಬಿನ್ ಟ್ರಾಲಿ ಖಾಲಿ ಇದ್ದಾಗಲೇ ಎರಡೂವರೆಯಿಂದ ಮೂರು ಕೆ.ಜಿ. ತೂಗುತ್ತದೆ. ಅಂದರೆ 7 ಕೆ.ಜಿ.ಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಪೆಟ್ಟಿಗೆಗೇ ಹೋಯಿತು. ಅದೇ 35ರಿಂದ 38 ಲೀಟರಿನ ಬಟ್ಟೆಯ ಬೆನ್ನುಚೀಲ 1ರಿಂದ 1.2 ಕೆ.ಜಿ. ಬೆನ್ನಿಗೆ ಹಾಕಿಕೊಳ್ಳಲಾಗದವರು ಎರಡೇ ಚಕ್ರದ ಬಟ್ಟೆ ಟ್ರಾಲಿ ಹುಡುಕಲಿ, 2 ಕೆ.ಜಿ. ಒಳಗಿನವು ಸಿಗುತ್ತವೆ. ‘20 ಇಂಚು’ ಎಂಬ ಚೀಟಿಯನ್ನು ನಂಬಬೇಡಿ. ಎಷ್ಟೋ ಸಲ ಆ ಅಳತೆಯಲ್ಲಿ ಚಕ್ರ, ಹಿಡಿಕೆ ಸೇರಿರುವುದಿಲ್ಲ. ವಿಮಾನ ಕಂಪನಿ ಅಳೆಯುವುದು ಚಕ್ರದ ತುದಿಯಿಂದ. ಟೇಪು ಹಿಡಿದೇ ಕೊಳ್ಳಿ.

ಇನ್ನು ತೂಕದ ಲೆಕ್ಕ. ತೂಗುಹಾಕಿ ನೋಡುವ ಚಿಕ್ಕ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಬರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೇ ವಸ್ತುವನ್ನು ಇಟ್ಟು ಬರೆದುಕೊಳ್ಳುವುದು ಇನ್ನೂ ಒಳ್ಳೆಯದು. ಭಾರ ಎಲ್ಲಿ ಅಡಗಿದೆ ಎಂಬುದು ಆಗಲೇ ತಿಳಿಯುತ್ತದೆ. ಚೀಲ 1,100 ಗ್ರಾಂ. ತೆಳು ಅಂಗಿ ಮೂರು, 500. ಬೇಗ ಒಣಗುವ ಪ್ಯಾಂಟು ಒಂದು, 350, ಇನ್ನೊಂದು ಮೈಮೇಲಿರುತ್ತದೆ. ಒಳಉಡುಪು ನಾಲ್ಕು, 250. ಕಾಲುಚೀಲ ಮೂರು ಜೊತೆ, 150. ಮಲಗುವ ಬಟ್ಟೆ 250. ಚಳಿಗೆ ಒಳಗೆ ತೊಡುವ ಥರ್ಮಲ್ ಒಂದು ಜೊತೆ, 300. ಬಿಸಿನೀರ ಮನೆಯ ದಪ್ಪ ಟವೆಲ್ ಒಂದೇ ಅರ್ಧ ಕೆ.ಜಿ. ದಾಟುತ್ತದೆ, ಅದರ ಬದಲು ಕೇರಳದ ತೆಳು ಟವೆಲ್ ತೋರ್ತು ಸಾಕು, 150. ಸೋಪು, ಪೇಸ್ಟು ಇತ್ಯಾದಿ 500. ಚಾರ್ಜರ್, ವೈರು, ಪ್ಲಗ್ ಅಡಾಪ್ಟರ್ 300, ಪವರ್ ಬ್ಯಾಂಕ್ 200. ಔಷಧಿ 400. ಕಾಗದಪತ್ರ, ಕನ್ನಡಕ 200. ಚಪ್ಪಲಿ 350. ಎಲ್ಲ ಕೂಡಿ 5 ಕೆ.ಜಿ. ಉಳಿದ 2 ಕೆ.ಜಿ.ಯಲ್ಲಿ ಒಂದು ಸೀರೆ, ರವಿಕೆ, ಲಂಗ ಅಥವಾ ಒಂದು ಒಳ್ಳೆಯ ಉಡುಪು, ಒಂದು ಪುಸ್ತಕ, ಸ್ವಲ್ಪ ಕಾಫಿ. ಇದೇ ಸಾಮಾನನ್ನು 2.8 ಕೆ.ಜಿ. ಟ್ರಾಲಿಗೆ ತುಂಬಿ ನೋಡಿ, ಸೀರೆಗೂ ಜಾಗವಿರುವುದಿಲ್ಲ. ಜರಿಯ ರೇಷ್ಮೆ ಸೀರೆ 700-800 ಗ್ರಾಂ ಇರುತ್ತದೆ, ಕ್ರೇಪ್ ಅದರ ಅರ್ಧ. ಜೀನ್ಸ್ 600ರಿಂದ 800 ಗ್ರಾಂ. ತೊಟ್ಟುಕೊಂಡು ಹೋಗಿ, ಎರಡನೆಯದು ಬೇಡ. ಸ್ವೆಟರ್, ಜಾಕೆಟ್, ಬೂಟು ಕೂಡ ಮೈಮೇಲೇ ಇರಲಿ.

ಮೂರು ಅಂಗಿಯಲ್ಲಿ ಮೂರು ತಿಂಗಳು ಹೇಗೆ ಎಂದು ಕೇಳುವವರಿಗೆ ಉತ್ತರ ಒಗೆಯುವುದರಲ್ಲಿದೆ. ಯಾವ ಬಟ್ಟೆ ಒಣಗುತ್ತದೆ, ಯಾವುದು ಒಣಗುವುದಿಲ್ಲ ಎಂಬುದನ್ನು ಆಷಾಢದ ಕೊಡಗಿಗಿಂತ ಚೆನ್ನಾಗಿ ಯಾರೂ ಕಲಿಸಲಾರರು. ಹತ್ತಿಯ ನಾರು ನೀರನ್ನು ತನ್ನೊಳಗೇ ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್, ನೈಲಾನ್ ಎಳೆಗಳಲ್ಲಿ ನೀರು ಬಹುಪಾಲು ಹೊರಮೈಗೇ ಅಂಟಿರುತ್ತದೆ, ಅದಕ್ಕೇ ರಾತ್ರಿ ಹರವಿದ್ದು ಬೆಳಿಗ್ಗೆಗೆ ಆಗುತ್ತದೆ. ಬೆವರಿನ ವಾಸನೆ ಹಿಡಿಯದಿರುವುದು ಮೆರಿನೋ ಉಣ್ಣೆಯ ಗುಣ. ದುಬಾರಿಯಾದರೂ ಒಳ ಅಂಗಿಗೆ ಒಳ್ಳೆಯದು. ಒಗೆದ ಬಟ್ಟೆಯನ್ನು ಹಿಂಡಿ, ಒಣ ತೋರ್ತಿನ ಮೇಲೆ ಹಾಸಿ, ಎರಡನ್ನೂ ಒಟ್ಟಿಗೆ ಸುರುಳಿ ಸುತ್ತಿ, ಆ ಸುರುಳಿಯನ್ನು ಮತ್ತೆ ಬಿಗಿಯಾಗಿ ತಿರುಚಿ. ನೀರು ತೋರ್ತಿಗೆ ಇಳಿದು ಒಣಗುವ ಹೊತ್ತು ಬಹಳ ಕಡಿಮೆಯಾಗುತ್ತದೆ. ಮೂರು ಮೀಟರ್ ನೈಲಾನ್ ಹಗ್ಗ, ಒಂದು ಬಟ್ಟೆ ಸೋಪಿನ ಬಿಲ್ಲೆ ಚೀಲದಲ್ಲಿರಲಿ. ಚಳಿದೇಶಗಳಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಒಣ, ಅಲ್ಲಿ ಕಷ್ಟವಿಲ್ಲ. ಸಿಂಗಾಪುರ, ಬ್ಯಾಂಕಾಕ್‌ನಂಥ ಕಡೆ ಎ.ಸಿ. ಹಾಕಿ ಒಣಗಿಸಬೇಕು. ಮಕ್ಕಳ ಮನೆಯಲ್ಲಿ ಉಳಿಯುವವರಿಗಂತೂ ವಾಷಿಂಗ್ ಮಷಿನ್ ಇದ್ದೇ ಇರುತ್ತದೆ. ದಪ್ಪ ಕೋಟನ್ನು ಇಲ್ಲಿಂದ ಹೊರುವ ಬದಲು ಅಲ್ಲೇ ಎರವಲು ಪಡೆಯಬಹುದು. ಬ್ರಿಟನ್ನಿನ ಚಾರಿಟಿ ಅಂಗಡಿಗಳಲ್ಲಿ ಅಗ್ಗಕ್ಕೂ ಸಿಗುತ್ತದೆ.

ನಮ್ಮ ಹವೆ ತರುವ ಇನ್ನೊಂದು ಅಪಾಯವನ್ನು ಯಾರೂ ಹೇಳುವುದಿಲ್ಲ. ಅಟ್ಟದಲ್ಲಿ ಎರಡು ಮೂರು ಮಳೆಗಾಲ ಕಳೆದ ಚೀಲದ ಒಳಪದರ ಅಂಟಂಟಾಗಿ ಚೂರು ಚೂರಾಗಿ ಉದುರುತ್ತದೆ. ಬೂಟಿನ ಪಾಲಿಯುರೆಥೇನ್ ಅಟ್ಟೆಯೂ ಹಾಗೆಯೇ: ತೇವಾಂಶ ಅದನ್ನು ಒಳಗಿನಿಂದಲೇ ಮುರಿಯುತ್ತದೆ, ನೋಡಲು ಹೊಸದಾಗಿಯೇ ಇರುತ್ತದೆ, ನಾಲ್ಕು ದಿನ ನಡೆದಾಗ ಕಳಚಿ ಬೀಳುತ್ತದೆ. ಹಬ್ಬಕ್ಕೆಂದು ಎತ್ತಿಟ್ಟ ಬೂಟನ್ನು ನೇರವಾಗಿ ಪ್ರಯಾಣಕ್ಕೆ ಹಾಕಬೇಡಿ. ತಿಂಗಳು ಮೊದಲೇ ಇಳಿಸಿ, ತೋಟದಲ್ಲಿ ಸುತ್ತಾಡಿ ನೋಡಿ. ಆಮೇಲೆ ಅಟ್ಟೆಯ ಸಂದಿಯ ಮಣ್ಣನ್ನು ಬ್ರಷ್‌ನಿಂದ ಪೂರ್ತಿ ತೊಳೆದು ಒಣಗಿಸಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬೂಟಿಗಂಟಿದ ಮಣ್ಣು ಗಂಭೀರ ವಿಷಯ. ಘೋಷಿಸಬೇಕಾದ್ದನ್ನು ಘೋಷಿಸದೆ ಸಿಕ್ಕಿಬಿದ್ದರೆ ನ್ಯೂಜಿಲೆಂಡ್‌ನಲ್ಲಿ ಸ್ಥಳದಲ್ಲೇ 400 ಡಾಲರ್ ದಂಡ.

ತೋಟಕ್ಕೂ ಬೇಟೆಗೂ ಒಯ್ದ ಚೀಲವನ್ನೇ ವಿಮಾನಕ್ಕೆ ತರುವವರು ಒಂದೊಂದು ಜೇಬನ್ನೂ ತಿರುವಿ ಹಾಕಲೇಬೇಕು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ 2029ರ ಅಕ್ಟೋಬರ್‌ವರೆಗೆ ವಿನಾಯಿತಿ ಇರುವುದು ನಿಜ. ಆದರೆ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕೋವಿಯ ಒಂದೇ ಒಂದು ತೋಟೆ, ಖಾಲಿಯದಾದರೂ, ಕಂಡರೆ ಪ್ರಯಾಣ ಅಲ್ಲಿಗೆ ನಿಲ್ಲುತ್ತದೆ. ಪೊಲೀಸ್ ಠಾಣೆಯವರೆಗೂ ಹೋಗಬಹುದು. ಕೊಡವರ ಸಾಂಪ್ರದಾಯಿಕ ಕತ್ತಿಗಳಾದ ಪೀಚೆಕತ್ತಿ, ಒಡಿಕತ್ತಿ ಕ್ಯಾಬಿನ್ನಿಗೆ ಬರುವಂತಿಲ್ಲ. ವಿದೇಶದಲ್ಲಿ ನಡೆಯುವ ಮದುವೆಗೆ ಕೊಡವರ ನಿಲುವಂಗಿ ಕುಪ್ಯ, ನಡುಪಟ್ಟಿ ಚೇಲೆ, ಪೀಚೆಕತ್ತಿ ಒಯ್ಯುವವರು ಚೆಕ್‌ಇನ್ ಸೂಟ್‌ಕೇಸು ಹಾಕಲೇಬೇಕು, ಆ ದೇಶದ ಕಾನೂನನ್ನೂ ಮೊದಲೇ ವಿಚಾರಿಸಬೇಕು. ಸಿಗರೇಟ್ ಲೈಟರ್, ಬೆಂಕಿಪೊಟ್ಟಣ, ಕಸಿ ಕತ್ತಿ, ಸ್ಕ್ರೂಡ್ರೈವರ್ ಇವೂ ಬೇಡ.

ದ್ರವ ವಸ್ತುಗಳ ನಿಯಮ ಬಹುಪಾಲು ನಿಲ್ದಾಣಗಳಲ್ಲಿ ಹೀಗಿದೆ: ಪ್ರತಿ ಬಾಟಲಿ 100 ಮಿ.ಲೀ. ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ಬಾಟಲಿಯ ಮೇಲೆ ಬರೆದ ಅಳತೆಯೇ ಲೆಕ್ಕ. 200ರ ಬಾಟಲಿಯಲ್ಲಿ ತಳದಷ್ಟೇ ಇದ್ದರೂ ಎಸೆಯುತ್ತಾರೆ. ಹೊಸ ಸ್ಕ್ಯಾನರ್ ಬಂದ ಕೆಲವು ಕಡೆ ಸಡಿಲಿಕೆ ಇದೆಯಾದರೂ ಮಧ್ಯದ ನಿಲ್ದಾಣದಲ್ಲಿ ಇಲ್ಲದಿರಬಹುದು. ಜೇನು, ತುಪ್ಪ, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿ ರಸ), ಉಪ್ಪಿನಕಾಯಿ ಎಲ್ಲವೂ ಈ ನಿಯಮದಡಿ ಬರುತ್ತವೆ. ಕಾಚಂಪುಳಿ ಗಟ್ಟಿಯಾದದ್ದು, 100 ಮಿ.ಲೀ. ಎಷ್ಟೋ ಅಡುಗೆಗೆ ಬರುತ್ತದೆ. ಅದೊಂದನ್ನು ಒಯ್ಯುವುದು ಸಾಧ್ಯ. ಖಾರದ ಪುಡಿ, ಮೆಣಸಿನಕಾಯಿಯ ಉಪ್ಪಿನಕಾಯಿಗಳನ್ನು ನಮ್ಮ ನಿಲ್ದಾಣಗಳ ಭದ್ರತೆಯವರು ಕೈಚೀಲದಲ್ಲಿ ಬಿಡುವುದಿಲ್ಲ. ಒಣ ಕೊಬ್ಬರಿ ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಬಲ್ಲದ್ದೆಂದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ, ಅದನ್ನು ಮನೆಯಲ್ಲೇ ಬಿಡಿ.

ಕಾಫಿಯ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಕೊಡಗಿನವರು ಅದಿಲ್ಲದೆ ಹೊರಡುವುದಿಲ್ಲ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರಿಂದ 350 ಮಿ.ಲೀ.ಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ಬೇರೆ ತಪಾಸಣೆ ಆಗುತ್ತದೆ, ಬಗೆಹರಿಯದಿದ್ದರೆ ತೆಗೆಸುತ್ತಾರೆ. ಇದು ತೂಕವಲ್ಲ, ಗಾತ್ರ. ಕಾಫಿ ಪುಡಿ ಹಗುರ, 350 ಮಿ.ಲೀ. ಎಂದರೆ ಸುಮಾರು 130-140 ಗ್ರಾಂ ಅಷ್ಟೇ. ಕಾಲು ಕೆ.ಜಿ. ಪೊಟ್ಟಣವೇ ಮಿತಿ ದಾಟಿತು. ಪರಿಹಾರ ಸುಲಭ: ಹುರಿದ ಬೀಜ ಒಯ್ದು ಅಲ್ಲಿ ಪುಡಿ ಮಾಡಿಸಿಕೊಳ್ಳಿ. ಬೀಜ ಪುಡಿಯಲ್ಲ, ಪರಿಮಳವೂ ಹೆಚ್ಚು ದಿನ ಉಳಿಯುತ್ತದೆ. ಪೊಟ್ಟಣ ಚೀಲದ ಮೇಲ್ಭಾಗದಲ್ಲಿರಲಿ, ತೆರೆದು ತೋರಿಸಲು ಅನುಕೂಲ. ಕರಿಮೆಣಸು, ಏಲಕ್ಕಿ ಇಡಿಯಾಗಿಯೇ ಇರಲಿ. ಆಹಾರ ತಂದಿದ್ದೀರಾ ಎಂದು ಕೇಳುವ ಕಡೆ ಹೌದೆಂದು ಬರೆಯಿರಿ. ಹಂದಿ ಮಾಂಸದ ಯಾವ ಪದಾರ್ಥವನ್ನೂ ಒಯ್ಯಬೇಡಿ. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ ನಮ್ಮ ಕಡೆಯಿಂದ ಮಾಂಸ, ಹಾಲಿನ ಉತ್ಪನ್ನ ತರುವುದನ್ನು ನಿಷೇಧಿಸಿವೆ. ಅಮೆರಿಕ, ಆಸ್ಟ್ರೇಲಿಯಾದಲ್ಲೂ ನಿಯಮ ಬಿಗಿ. ಕಿತ್ತಳೆ, ಕರಿಬೇವಿನ ಸೊಪ್ಪು ಸಹ ಬೇಡ. ದುಬೈ, ಸಿಂಗಾಪುರಕ್ಕೆ ಹೋಗುವವರ ಮಸಾಲೆಯಲ್ಲಿ ಗಸಗಸೆ ಇರಲೇಬಾರದು, ಅಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ.

ಪವರ್ ಬ್ಯಾಂಕ್ ಮಾತ್ರ ಇದಕ್ಕೆಲ್ಲ ತಿರುಗುಮುರುಗು: ಅದು ಕೈಚೀಲದಲ್ಲೇ ಇರಬೇಕು, ಚೆಕ್‌ಇನ್‌ಗೆ ನಿಷಿದ್ಧ. ಮಿತಿ 100 ವ್ಯಾಟ್-ಅವರ್. ಅದರ ಮೇಲೆ ಬರೆದ ಎಂಎಎಚ್ (mAh) ಸಂಖ್ಯೆಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ. 10,000 ಎಂಎಎಚ್‌ಗೆ 37, 20,000ಕ್ಕೆ 74. ಅಕ್ಷರ ಅಳಿಸಿಹೋದದ್ದನ್ನು ಕಸಿದುಕೊಳ್ಳಬಹುದು. ಎಮಿರೇಟ್ಸ್ 2025ರ ಅಕ್ಟೋಬರ್‌ನಿಂದ ಒಬ್ಬರಿಗೆ ಒಂದನ್ನಷ್ಟೇ ಬಿಡುತ್ತದೆ, ವಿಮಾನದೊಳಗೆ ಬಳಸುವಂತಿಲ್ಲ. ಗೇಟಿನಲ್ಲಿ ಜಾಗವಿಲ್ಲವೆಂದು ನಿಮ್ಮ ಚೀಲವನ್ನು ಕೆಳಗೆ ಕಳಿಸುವಾಗ ಪವರ್ ಬ್ಯಾಂಕ್, ಪಾಸ್‌ಪೋರ್ಟ್, ಔಷಧಿ ಮೂರನ್ನೂ ಹೊರತೆಗೆಯಲೇಬೇಕು. ಇವು ಮೂರೂ ಮೊದಲೇ ಒಂದು ಸಣ್ಣ ಬಟ್ಟೆಚೀಲದಲ್ಲಿದ್ದರೆ ಎಳೆದುಕೊಂಡರಾಯಿತು.

ಔಷಧಿಯ ರಟ್ಟಿನ ಡಬ್ಬಿ ಬಿಡಿ, ಹೆಸರು ಮತ್ತು ಅವಧಿ ಅಚ್ಚಾದ ಪಟ್ಟಿಯನ್ನು ಹಾಗೆಯೇ ಒಯ್ಯಿರಿ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಮೂಲ ಔಷಧದ ಹೆಸರೂ ಇರಲಿ. ಇನ್ಸುಲಿನ್ ಎಂದೂ ಕೆಳಗಿನ ಸಾಮಾನಿಗೆ ಹಾಕಬೇಡಿ, ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿಗೆ ಯುಎಇಯಲ್ಲಿ ಮುಂಚಿತ ಅನುಮತಿ ಬೇಕು. ಜಪಾನಿಗೆ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಒಯ್ಯಲು ಮೊದಲೇ ಪ್ರಮಾಣಪತ್ರ ಪಡೆಯಬೇಕು.

ಎಲ್ಲರೂ ಕೈಚೀಲವೊಂದರಲ್ಲೇ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಹಸುಗೂಸು ಇರುವವರಿಗೆ ಆಗದು. ಭುಜದ ನೋವಿರುವ ಹಿರಿಯರು 7 ಕೆ.ಜಿ.ಯನ್ನು ತಲೆಯ ಮೇಲಕ್ಕೆತ್ತುವುದು ಬೇಡ. ಅವರು ಔಷಧಿ, ಒಂದು ಜೊತೆ ಬಟ್ಟೆ, ಕಾಗದಪತ್ರವಿರುವ 3 ಕೆ.ಜಿ. ಚೀಲ ಇಟ್ಟುಕೊಂಡು ಉಳಿದದ್ದನ್ನು ಕೆಳಗೆ ಕಳಿಸಲಿ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಟ್ರಾವೆಲ್ ಏಜೆನ್ಸಿಗಳಲ್ಲಿ ನನ್ನ ಕೋರಿಕೆ: ಟಿಕೆಟ್ ಕೊಡುವಾಗ ಪ್ರಯಾಣದ ಪ್ರತಿ ಹಂತದ ಕೈಚೀಲದ ತೂಕ, ಅಳತೆಯನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಿ. ಚೀಲದ ಅಂಗಡಿಯವರು ಬೆಲೆಯ ಚೀಟಿಯ ಪಕ್ಕದಲ್ಲೇ ಖಾಲಿ ತೂಕವನ್ನೂ, ಚಕ್ರ ಸೇರಿದ ಎತ್ತರವನ್ನೂ ಬರೆದು ಅಂಟಿಸಲಿ. ಅಂಗಡಿಯಲ್ಲಿ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು, ಕೊಳ್ಳುವವರೇ ತೂಗಿ ನೋಡಲಿ.

ಇಂತಿ,
ಓದುಗರೊಬ್ಬರು, ವಿರಾಜಪೇಟೆ