ಎಲ್ಲ ಎಂಆರ್‌ಎನ್‌ಎಗೂ ಬಾಲವಿಲ್ಲ

ಮಾನ್ಯ ಸಂಪಾದಕರೇ,

ಜೀನ್‌ನ ಸಂದೇಶವನ್ನು ಪ್ರೋಟೀನ್ ತಯಾರಿಗೆ ಒಯ್ಯುವ ಎಂಆರ್‌ಎನ್‌ಎ ತುದಿಗೆ 200ರಿಂದ 300 ಅಡಿನೈಲೇಟ್‌ಗಳ (‘ಎ’ ಘಟಕಗಳ) ಬಾಲ, ಅಂದರೆ ಪಾಲಿ-ಎ ಬಾಲ, ಸೇರುತ್ತದೆ ಎಂದು ದ್ವಿತೀಯ ಪಿಯುಸಿ ಜೀವಶಾಸ್ತ್ರ ಪಠ್ಯದಲ್ಲಿದೆ. ಪಾಠ ತಪ್ಪಲ್ಲ. ಆದರೆ ಅಪವಾದವನ್ನು ಹೇಳದೆ ಬಿಟ್ಟಿರುವುದರಿಂದ ವಿದ್ಯಾರ್ಥಿಗಳು ಇದನ್ನು ಎಲ್ಲ ಜೀನ್‌ಗಳ ನಿಯಮವೆಂದೇ ತಿಳಿದು ಸಂಶೋಧನೆಯ ಹಂತದವರೆಗೂ ಹಾಗೇ ನಂಬಿಕೊಂಡು ಬರುತ್ತಾರೆ. ಡಿಎನ್‌ಎಯನ್ನು ಸುತ್ತಿಡುವ ಪ್ರೋಟೀನ್‌ಗಳಾದ ಹಿಸ್ಟೋನ್‌ಗಳ ಜೀನ್‌ಗಳ ಮಟ್ಟಿಗೆ ಈ ನಂಬಿಕೆ ಪ್ರಯೋಗದ ಫಲಿತಾಂಶವನ್ನೇ ತಲೆಕೆಳಗು ಮಾಡುತ್ತದೆ.

ಎಚ್2ಎ, ಎಚ್2ಬಿ, ಎಚ್3, ಎಚ್4 ಎಂಬ ಹಿಸ್ಟೋನ್‌ಗಳು ಎರಡೆರಡು ಸೇರಿ ಆಗುವ ಗುಂಪಿನ ಸುತ್ತ ಡಿಎನ್‌ಎಯ 147 ಬೇಸ್ ಜೋಡಿಗಳು ಸುತ್ತಿಕೊಳ್ಳುತ್ತವೆ. ಡಿಎನ್‌ಎ ಇಮ್ಮಡಿಯಾಗುವ ಎಸ್ ಹಂತದಲ್ಲಿ ಹಿಸ್ಟೋನ್ ಕೂಡ ಇಮ್ಮಡಿ ಬೇಕು. ಮಿಕ್ಕು ಉಳಿದರೆ ಕೋಶಕ್ಕೆ ಹಾನಿ. ಹಾಗಾಗಿ ಬೇಕಾದಾಗ ಮಾತ್ರ ಉಳಿಯುವಂತೆ, ಈ ಹಿಸ್ಟೋನ್‌ಗಳ ಎಂಆರ್‌ಎನ್‌ಎ ತುದಿಯಲ್ಲಿ ಬಾಲದ ಬದಲು ಸ್ಟೆಮ್‌ಲೂಪ್ ಎಂಬ ಪುಟ್ಟ ಮಡಿಕೆಯಿದೆ. ಎಸ್‌ಎಲ್‌ಬಿಪಿ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡಿರುತ್ತದೆ. ಎಸ್ ಹಂತದಲ್ಲಿ ಸುಮಾರು 35 ಪಟ್ಟು ಏರುವ ಈ ಎಂಆರ್‌ಎನ್‌ಎ, ಡಿಎನ್‌ಎ ತಯಾರಿ ನಿಂತ ಕೆಲವೇ ನಿಮಿಷಗಳಲ್ಲಿ ನಾಶವಾಗತೊಡಗುತ್ತದೆ.

ವಿಭಜನೆ ನಿಲ್ಲಿಸಿ ಸ್ನಾಯುವೋ ನರಕೋಶವೋ ಆಗಿ ಬಲಿತ ಕೋಶಕ್ಕೂ ಹಳೆಯ ಹಿಸ್ಟೋನ್ ಬದಲಿಸಲು ಹೊಸದು ಬೇಕೇ ಬೇಕು. ಅದನ್ನು ಒದಗಿಸುವುದು ಬೇರೆ ಜೀನ್‌ಗಳು. ಎಚ್3.1ಗಿಂತ 5 ಅಮೈನೊ ಆಮ್ಲಗಳಲ್ಲಷ್ಟೇ ಬೇರೆಯಾದ ಎಚ್3.3 ಇಂಥದ್ದು; ಇದರ ಜೀನ್‌ಗಳಿಗೆ ಇಂಟ್ರಾನ್ (ಎಂಆರ್‌ಎನ್‌ಎ ಸಿದ್ಧವಾಗುವಾಗ ಕತ್ತರಿಸಿ ಹೋಗುವ ಭಾಗ) ಇದೆ, ಎಂಆರ್‌ಎನ್‌ಎಗೆ ಬಾಲವೂ ಇದೆ. ಬೆಳೆದ ಇಲಿಯ ನರಕೋಶಗಳಲ್ಲಿ ಎಚ್3ರ ಬಹುಪಾಲು ಇದೇ. ಬಲಿತ ಕೋಶಗಳಲ್ಲಿ ಎಚ್1.0 ಎಂಬ ಇನ್ನೊಂದು ಹಿಸ್ಟೋನ್ ಕೂಡಿಕೊಳ್ಳುತ್ತದೆ, ಕೋಳಿಯ ಕೆಂಪು ರಕ್ತಕಣದಲ್ಲಿ ಎಚ್5.

ತೊಡಕು ಮುಂದಿದೆ. ಎಸ್ ಹಂತಕ್ಕೇ ಮೀಸಲೆನ್ನುವ ಹಿಸ್ಟೋನ್ ಜೀನ್‌ಗಳಲ್ಲೂ ಕೆಲವು, ಬಲಿತ ಕೋಶಗಳಲ್ಲಿ ಸ್ಟೆಮ್‌ಲೂಪ್ ದಾಟಿ ಮುಂದಿನ ಬಾಲ ಸೇರಿಸಲು ಹೇಳುವ ಪಾಲಿ-ಎ ಸಂಕೇತದವರೆಗೆ ಓದಿಸಿಕೊಂಡು ಬಾಲ ಪಡೆಯುತ್ತವೆ. ಎಂಆರ್‌ಎನ್‌ಎ ಅಳೆಯಲು ಬಳಸುವ ಒಲಿಗೊ-ಡಿಟಿ ಎಂಬ ಡಿಎನ್‌ಎ ತುಣುಕು ಹಿಡಿಯುವುದು ಬಾಲವನ್ನು. ವಿಭಜಿಸುತ್ತಿರುವ ಕೋಶದ ರಾಶಿ ಎಂಆರ್‌ಎನ್‌ಎ ಅದರ ಕಣ್ಣಿಗೆ ಬೀಳುವುದಿಲ್ಲ, ಬಲಿತ ಕೋಶದ ಚೂರು ಮಾತ್ರ ಬೀಳುತ್ತದೆ. ಕುಸಿದಿರುವ ಹಿಸ್ಟೋನ್ ಎಂಆರ್‌ಎನ್‌ಎ ಏರಿದೆ ಎಂದು ಗ್ರಾಫ್ ತೋರಿಸುವುದು ಹೀಗೆ.

ಇದನ್ನು ತಪ್ಪಿಸುವುದು ಕಷ್ಟವಲ್ಲ. ಸಿಡಿಎನ್‌ಎಯನ್ನು (ಆರ್‌ಎನ್‌ಎಯಿಂದ ಮಾಡುವ ಡಿಎನ್‌ಎ ಪ್ರತಿ) ರ‍್ಯಾಂಡಮ್ ಹೆಕ್ಸಮರ್‌ನಿಂದ (ಬಾಲವಿಲ್ಲದಿದ್ದರೂ ಎಲ್ಲೆಂದರಲ್ಲಿ ಅಂಟುವ ಆರಕ್ಷರದ ತುಣುಕು) ಮಾಡಬೇಕು; ಸೀಕ್ವೆನ್ಸಿಂಗ್ ಆದರೆ ಬಾಲವಿರುವುದನ್ನಷ್ಟೇ ಹಿಡಿಯುವ ಪಾಲಿ-ಎ ಆಯ್ಕೆ ಬಿಟ್ಟು ರೈಬೊಸೋಮಿನ ಆರ್‌ಎನ್‌ಎ ತೆಗೆಯುವ ಕಿಟ್ ಬಳಸಬೇಕು. ಎಸ್ ಹಂತದ ಹಿಸ್ಟೋನ್ ಜೀನ್‌ಗಳಿಗೆ ಇಂಟ್ರಾನ್ ಇಲ್ಲ, ಆದ್ದರಿಂದ ಎರಡು ಎಕ್ಸಾನ್ (ಕತ್ತರಿಸಿದ ಮೇಲೆ ಉಳಿಯುವ ಭಾಗ) ಸೇರುವಲ್ಲಿ ಪ್ರೈಮರ್ (ಅಳೆಯಬೇಕಾದ ಜೀನ್‌ಗೆ ಅಂಟುವ ಪುಟ್ಟ ಡಿಎನ್‌ಎ ತುಣುಕು) ಕೂರಿಸಿ ಡಿಎನ್‌ಎ ಕಲಬೆರಕೆಯಿಂದ ಪಾರಾಗಲು ಆಗದು. ಡಿಎನ್‌ಎ ಕತ್ತರಿಸುವ ಕಿಣ್ವವಾದ ಡಿಎನ್‌ಏಸ್ ಉಪಚಾರವೂ, ಸಿಡಿಎನ್‌ಎ ತಯಾರಿಸುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಟ್ಯೂಬೂ ಕಡ್ಡಾಯ. ಪ್ರತಿ ಜೀನ್‌ಗೆ ಎರಡು ಜೊತೆ ಪ್ರೈಮರ್ ಇಡಿ: ಒಂದು ಪ್ರೋಟೀನ್ ಭಾಗದೊಳಗೆ, ಇನ್ನೊಂದು ಸ್ಟೆಮ್‌ಲೂಪ್ ಆಚೆಗೆ. ಮೊದಲನೆಯದು ಒಟ್ಟು ಮೊತ್ತವನ್ನೂ ಎರಡನೆಯದು ದಾಟಿ ಬಂದ ಪಾಲನ್ನೂ ತಿಳಿಸುತ್ತದೆ. ಸೋದರ ಜೀನ್‌ಗಳ ಪ್ರೋಟೀನ್ ಭಾಗ ಹೆಚ್ಚುಕಡಿಮೆ ಒಂದೇ ಇರುವುದರಿಂದ ಪ್ರೈಮರ್ ಯಾವುದನ್ನು ಹಿಡಿಯುತ್ತಿದೆ ಎಂದು ಮೊದಲೇ ನೋಡಿಕೊಳ್ಳಬೇಕು.

ಪ್ರಯೋಗಾಲಯದಲ್ಲಿ ಬೆಳೆಸುವ ಸಿ2ಸಿ12 ಎಂಬ ಇಲಿಯ ಸ್ನಾಯುಕೋಶಗಳಿಗೆ 2% ಕುದುರೆ ಸೀರಮ್ ಕೊಟ್ಟು ಬಲಿಸಿದರೂ ತಟ್ಟೆಯಲ್ಲಿ ಒಂದಿಷ್ಟು ವಿಭಜಿಸುವ ಕೋಶಗಳು ಉಳಿಯಬಹುದು. ನೂರರಲ್ಲಿ ಕೆಲವೇ ಇದ್ದರೂ ಅಳತೆ ಕೆಡುತ್ತದೆ. ಅವನ್ನು ಕೊಲ್ಲಲು ಅರಾ-ಸಿ ಎಂಬ ಔಷಧ ಹಾಕುವುದು ರೂಢಿ. ಆದರೆ ಅರಾ-ಸಿ ಡಿಎನ್‌ಎ ತಯಾರಿಯನ್ನೇ ತಡೆಯುವುದರಿಂದ, ಕೋಶ ಸಾಯುವ ಮುಂಚೆಯೇ ಹಿಸ್ಟೋನ್ ಎಂಆರ್‌ಎನ್‌ಎ ಇಳಿದುಬಿಡುತ್ತದೆ. ಔಷಧದ ಪರಿಣಾಮ ಬಲಿತದ್ದರ ಪರಿಣಾಮದಂತೆ ಕಾಣುತ್ತದೆ! ಅರಾ-ಸಿ ಹಾಕದ ಇನ್ನೊಂದು ತಟ್ಟೆಯಲ್ಲಿ ಹೊಸದಾಗಿ ತಯಾರಾಗುವ ಡಿಎನ್‌ಎಯನ್ನು ಗುರುತಿಸುವ ಇಡಿಯು (EdU) ಬಣ್ಣ ಹಾಕಿ, ಎಸ್ ಹಂತದ ಕೋಶಗಳೆಷ್ಟು ಎಂದು ಎಣಿಸಿ ಆ ಸಂಖ್ಯೆಯನ್ನೂ ಫಲಿತಾಂಶದ ಪಕ್ಕದಲ್ಲೇ ಕೊಡಬೇಕು.

ಪಠ್ಯದ ಮುಂದಿನ ಮುದ್ರಣದಲ್ಲಿ, ಎಸ್ ಹಂತದ ಹಿಸ್ಟೋನ್ ಎಂಆರ್‌ಎನ್‌ಎಗೆ ಬಾಲವಿರುವುದಿಲ್ಲ ಎಂಬ ಒಂದು ಸಾಲು ಸೇರಿಸಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ ಅಧ್ಯಾಪಕರು ತರಗತಿಯಲ್ಲೇ ಹೇಳಬಹುದು. ಸಾರ್ವಜನಿಕ ದತ್ತಾಂಶ ಬಳಸುವ ವಿದ್ಯಾರ್ಥಿಗಳು ಸೀಕ್ವೆನ್ಸಿಂಗ್ ಲೈಬ್ರರಿ (ಓದಲು ಸಿದ್ಧಪಡಿಸಿದ ಸಿಡಿಎನ್‌ಎ ತುಣುಕುಗಳ ಸಂಗ್ರಹ) ತಯಾರಿಸಿದ ವಿಧಾನವನ್ನು ಮೊದಲು ಓದಲಿ. ಅದು ಪಾಲಿ-ಎ ಆಯ್ಕೆಯಾಗಿದ್ದರೆ ಈ ಜೀನ್‌ಗಳ ಏರಿಳಿತವನ್ನು ಪ್ರಬಂಧದಲ್ಲಿ ಬರೆಯದಿರಲಿ.

– ಕೋಶ ಜೀವಶಾಸ್ತ್ರ ಬೋಧಕರು, ಧಾರವಾಡ