ಸ್ಮೋಕರ್ (ಮಾಂಸವನ್ನು ಸೌದೆಯ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆ), ಅದರ ಜೊತೆ ಕಳಿಸಿದ ಓಕ್ ಸೌದೆ ಮತ್ತು ಕೈಪಿಡಿಯ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಪಕ್ಕದಲ್ಲಿ ಬೆಂಕಿ ಉರಿಸುವ ಪೆಟ್ಟಿಗೆ (ಫೈರ್‌ಬಾಕ್ಸ್) ಇರುವ ಸ್ಮೋಕರ್ ಒಂದು, 10 ಕೆ.ಜಿ.ಯ ಓಕ್ ತುಂಡಿನ ಚೀಲ ಎರಡು – ಹಣ ವಾಪಸಿಗೆ ಕೋರಿಕೆ

ಮಾನ್ಯರೇ,

ನಿಮ್ಮ ಸ್ಮೋಕರ್‌ನಲ್ಲಿ ನಿಮ್ಮದೇ ಸೌದೆ ಹಾಕಿ, ನಿಮ್ಮದೇ ಕೈಪಿಡಿ ಹೇಳಿದಂತೆ ಮಾಡಿದರೆ ಮಾಂಸ ಕಹಿಯಾಗುತ್ತದೆ. ತಿಂದ ಮೇಲೆ ನಾಲಿಗೆಯ ತುದಿ ಜೋಮು ಹಿಡಿಯುತ್ತದೆ, ಮಾಂಸದ ಮೇಲೆ ಕೈಗೆ ಅಂಟುವ ಕಪ್ಪು ಪದರ ನಿಲ್ಲುತ್ತದೆ. ಫೋನಿನಲ್ಲಿ ಇದನ್ನು ಹೇಳಿದಾಗ ನಿಮ್ಮ ಸಿಬ್ಬಂದಿ, "ಹೊಗೆ ಚೆನ್ನಾಗೇ ಬರ್ತಿದೆಯಲ್ಲ, ಮತ್ತೇನು ತೊಂದರೆ?" ಎಂದರು. ತೊಂದರೆ ಅದೇ. ಬೇಕಾದದ್ದು ಕಣ್ಣಿಗೆ ಕಂಡೂ ಕಾಣದಂಥ ತೆಳು ನೀಲಿ ಹೊಗೆ. ಇಲ್ಲಿ ಬರುತ್ತಿರುವುದು ಹತ್ತಿಯಂಥ ದಟ್ಟ ಬಿಳಿ ಹೊಗೆ, ಅಂದರೆ ಬೆಂಕಿ ಉರಿಯುತ್ತಿಲ್ಲ, ಕುಮುಲುತ್ತಿದೆ. ಯಾಕೆ ಎಂದು ಒಂದೊಂದನ್ನೇ ಅಳೆದು ನೋಡಿದ್ದೇವೆ.

ಮೊದಲು ಸೌದೆ. ಚೀಲದ ಮೇಲೆ "ಚೆನ್ನಾಗಿ ಒಣಗಿಸಿದ್ದು, ತೇವಾಂಶ ಶೇ 20ಕ್ಕಿಂತ ಕಡಿಮೆ" ಎಂದು ಅಚ್ಚಾಗಿದೆ. ತುಂಡುಗಳನ್ನು ಸೀಳಿ, ಆಗಷ್ಟೇ ತೆರೆದ ಒಳಮುಖಕ್ಕೆ ಎರಡು ಮುಳ್ಳಿನ ತೇವಮಾಪಕ ಚುಚ್ಚಿದಾಗ 34, 36, 39 ಬಂತು. ಹೊರಮೈಗೆ ಚುಚ್ಚಿದರೆ ಅದೇ ತುಂಡುಗಳು 17, 18 ತೋರಿಸುತ್ತವೆ. ನಿಮ್ಮ ಗೋದಾಮಿನಲ್ಲಿ ಅಳೆದದ್ದು ಹೀಗೇ ಇರಬೇಕು. ಶೇ 30 ದಾಟಿದ ಮೇಲೆ ಇಂಥ ಮಾಪಕದ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ ಎಂಬುದು ನಮಗೂ ಗೊತ್ತು. ಹಾಗಾಗಿ ಒಂದು ತುಂಡನ್ನು ತೂಕ ಹಾಕಿ, 103 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿಟ್ಟು, ಸತತ ಎರಡು ತೂಕ ಒಂದೇ ಬರುವ ತನಕ ಒಣಗಿಸಿದೆವು. 412 ಗ್ರಾಂ ಇದ್ದದ್ದು 301ಕ್ಕೆ ನಿಂತಿತು. ಹೋದ ನೀರು 111 ಗ್ರಾಂ. ಒಣ ತೂಕಕ್ಕೆ ಲೆಕ್ಕ ಹಾಕಿದರೆ ತೇವ ಶೇ 37 ಹತ್ತಿರ, ಹಸಿ ತೂಕಕ್ಕೆ ಹಾಕಿದರೆ ಶೇ 27. ಯಾವ ಲೆಕ್ಕ ಹಿಡಿದರೂ ಚೀಲದ ಮೇಲಿನ ಮಾತು ಸುಳ್ಳು. 10 ಕೆ.ಜಿ. ಚೀಲದಲ್ಲಿ ಸುಮಾರು 2.7 ಕೆ.ಜಿ. ನೀರನ್ನೇ ಸೌದೆಯ ಬೆಲೆಗೆ ಮಾರಿದ್ದೀರಿ.

ಅಳೆಯುವ ಉಪಕರಣ ಇಲ್ಲದವರಿಗೂ ಇದು ಗೊತ್ತಾಗುತ್ತದೆ. ಒಣಗಿದ ಓಕ್ ತುಂಡು ಎರಡನ್ನು ಒಂದಕ್ಕೊಂದು ತಟ್ಟಿದರೆ 'ಠಣ್' ಎನ್ನುತ್ತದೆ, ತುದಿಯಲ್ಲಿ ಸೀಳು ಬಿಟ್ಟಿರುತ್ತದೆ. ನಿಮ್ಮವು 'ದಪ್' ಎನ್ನುತ್ತವೆ; ತುದಿ ನುಣ್ಣಗಿದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರಿಂದ ತೊಗಟೆಯ ಕೆಳಗೆ ಬೂಷ್ಟು ಬೇರೆ ಬೆಳೆದಿದೆ. ಸೀಳಿದ ಓಕ್ ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಂದರಿಂದ ಎರಡು ವರ್ಷ ಕೂರಬೇಕು. ತುಂಬುವುದಾದರೆ ಬಲೆ ಚೀಲದಲ್ಲಿ ತುಂಬಿ.

ಒಳಗಿನ ನೀರು ಆವಿಯಾಗಿ ಹೋಗುವ ತನಕ ತುಂಡಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ತಿಣುಕುತ್ತದೆ. ಘಮ ಕೊಡುವ ಗ್ವಾಯಾಕಾಲ್, ಸಿರಿಂಗಾಲ್‌ಗಳು ಹುಟ್ಟುವುದು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದಾಗ. ಅದಕ್ಕೆ 100 ಡಿಗ್ರಿಗಿಂತ ಎಷ್ಟೋ ಹೆಚ್ಚು ಬಿಸಿ ಬೇಕು. ಹಸಿ ಸೌದೆ ಬೆಂಕಿಯನ್ನು ತಣ್ಣಗಾಗಿಸುತ್ತದೆ, ಅರೆಬೆಂದ ಹೊಗೆ ಟಾರಿನಂತೆ ಮಾಂಸದ ಮೇಲೆ ಕೂರುತ್ತದೆ. ಹಾಗೆಂದು ಭಟ್ಟಿಯಲ್ಲಿಟ್ಟು ಶೇ 10ರ ಕೆಳಗೆ ಒಣಗಿಸಿದ್ದನ್ನು ಕಳಿಸಿ ಎನ್ನುತ್ತಿಲ್ಲ; ಅದು ಭಗ್ಗನೆ ಉರಿದು ಮುಗಿಯುತ್ತದೆ. 15ರಿಂದ 20 ಇದ್ದರೆ ಸಾಕು, ಚೀಲದ ಮೇಲೆ ನೀವೇ ಬರೆದದ್ದೂ 20ಕ್ಕಿಂತ ಕಡಿಮೆ ಎಂದೇ.

ಇಷ್ಟೇ ಆಗಿದ್ದರೆ ಒಣಗಿಸಿಕೊಂಡು ಬಳಸಬಹುದಿತ್ತು. ಎರಡನೇ ಚೀಲದ್ದು ಬೇರೆಯೇ ಕತೆ. ಅದರಲ್ಲಿ ಏಳು ತುಂಡುಗಳು ಮರದಿಂದ ಸೀಳಿದವಲ್ಲ, ನಾಲ್ಕೂ ಮೈ ಗರಗಸ ಹಾಕಿ ಸಮ ಮಾಡಿದ ಹಲಗೆಯ ಚೂರುಗಳು. ಒಂದರಲ್ಲಿ ಮೊಳೆ ಕಿತ್ತ ತೂತು, ಅದರ ಸುತ್ತ ಬೆರಳಗಲದ ನೀಲಿಗಪ್ಪು ಕಲೆ. ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶಕ್ಕೆ ಕಬ್ಬಿಣ ತಾಗಿದರೆ ಆಗುವ ಕಲೆ ಅದು. ಮರ ಓಕ್ ಎಂಬುದು ನಿಜ, ಆದರೆ ಹಿಂದೆ ಇನ್ನೇನೋ ಆಗಿದ್ದ ಓಕ್. ಏನಾಗಿತ್ತು ಎಂಬುದನ್ನು ಇನ್ನೊಂದು ಚೂರು ಹೇಳುತ್ತದೆ: ಅದರ ಮೇಲೆ ಅರ್ಧ ಉಳಿದ ಸುಟ್ಟ ಮುದ್ರೆ, ಅದರಲ್ಲಿ 'ಎಂಬಿ' ಎಂಬ ಎರಡು ಅಕ್ಷರ. ಸಾಗಣೆಯ ಪ್ಯಾಲೆಟ್‌ಗೆ, ಅಂದರೆ ಸರಕು ಪೇರಿಸುವ ಮರದ ಅಡಿಹಲಗೆಗೆ, ಹುಳ ಹಿಡಿಯದಂತೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದಾರೆ ಎಂಬುದರ ಅಂತರರಾಷ್ಟ್ರೀಯ ಗುರುತು ಅದು. ಬರೀ ಕಾಯಿಸಿದ್ದಾದರೆ 'ಎಚ್‌ಟಿ' ಇರುತ್ತದೆ. ಆದರೆ ಎಚ್‌ಟಿ ಇದ್ದರೂ ಪ್ಯಾಲೆಟ್ ಮರ ಅಡುಗೆಗೆ ಸಲ್ಲದು. ಅದರ ಮೇಲೆ ಏನು ಚೆಲ್ಲಿತ್ತು ಎಂದು ಹೇಳುವವರು ಯಾರು? ಇನ್ನೆರಡು ಚೂರು ಪೈನ್, ಕೆಂಡದ ಹತ್ತಿರ ಹಿಡಿದರೆ ರಾಳ ಗುಳ್ಳೆಯೆದ್ದು ಮಸಿ ಕಾರುತ್ತದೆ. ಮತ್ತೊಂದಕ್ಕೆ ತೆಳು ಹಸಿರು ಛಾಯೆ ಇದೆ. ಅದು ತಾಮ್ರ ಸೇರಿದ ಮರರಕ್ಷಕದ ಬಣ್ಣವಿರಬಹುದು. ಅಂಥ ಕೆಲವು ರಕ್ಷಕಗಳಲ್ಲಿ ಆರ್ಸೆನಿಕ್ ಇರುತ್ತದೆ, ಸುಟ್ಟರೆ ಬೂದಿಯಲ್ಲಿ ಉಳಿಯುತ್ತದೆ. ಪರೀಕ್ಷೆ ಮಾಡಿಸದೆ ಹೌದು ಎನ್ನಲಾರೆವು, ಆದರೆ ಒಲೆಗೆ ಹಾಕುವ ಮಾತೇ ಇಲ್ಲ.

ಇನ್ನು ಸ್ಮೋಕರ್. ಮುಚ್ಚಳದ ಕೆಳ ಅಂಚಿನಲ್ಲಿ, ಚಿಮಣಿ ಇರುವ ತುದಿಗೆ, 3 ಮಿ.ಮೀ. ಸಂದಿ ಇದೆ. ಊದುಬತ್ತಿ ಹಿಡಿದರೆ ಹೊಗೆ ಸರ್ರನೆ ಒಳಗೆ ಹೋಗುತ್ತದೆ. ಚಿಮಣಿ ಎಳೆಯುವ ಗಾಳಿ ಫೈರ್‌ಬಾಕ್ಸ್‌ನ ಮೂಲಕ ಬರುವ ಬದಲು ಈ ಸಂದಿಯಿಂದ ತಣ್ಣಗೆ ನುಸುಳುತ್ತದೆ, ಬೆಂಕಿಗೆ ಉಸಿರು ಸಾಲುವುದಿಲ್ಲ. ಸಂದಿ ಮುಚ್ಚುವ, ಬಿಸಿ ತಡೆಯುವ ಪಟ್ಟಿ (ಗ್ಯಾಸ್ಕೆಟ್) ಅಂಟಿಸಿದರೆ ಸಾಕಲ್ಲ ಎನ್ನಬೇಡಿ. ಮುಚ್ಚಳವೇ ತಿರುಚಿಕೊಂಡಿದೆ, ಒಂದು ಕಡೆ ಗ್ಯಾಸ್ಕೆಟ್ ಒತ್ತಿದರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ತಿರುಚಿದ್ದು ಯಾಕೆಂದರೆ ತಗಡು ತೆಳು. ಮಾಹಿತಿ ಪತ್ರದಲ್ಲಿ 4 ಮಿ.ಮೀ., ವರ್ನಿಯರ್ ಕ್ಯಾಲಿಪರ್‌ನಲ್ಲಿ ಬಣ್ಣ ಕೆರೆದ ಜಾಗದಲ್ಲಿ 1.8.

ಮುಚ್ಚಳದ ಮೇಲಿನ ಗಡಿಯಾರದಂಥ ಥರ್ಮಾಮೀಟರ್ ಅನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಹಿಡಿದೆವು. ಪಕ್ಕದ ಡಿಜಿಟಲ್ ಮಾಪಕ 99 ಎಂದಾಗ ಇದು 117 ಎಂದಿತು. ಹಿಂಬದಿಯಲ್ಲಿ ಸರಿಪಡಿಸುವ ನಟ್ಟೂ ಇಲ್ಲ. ಇದರ ಪರಿಣಾಮ ಎರಡು ಥರ. ಮುಳ್ಳು 110 ತೋರಿಸಿದಾಗ ಒಳಗೆ 90ರ ಚಿಲ್ಲರೆ ಮಾತ್ರ ಇರುವುದರಿಂದ ದೊಡ್ಡ ಮಾಂಸದ ತುಂಡು, ಬ್ಯಾಕ್ಟೀರಿಯಾ ಬೆಳೆಯುವ 4ರಿಂದ 60 ಡಿಗ್ರಿಯ ನಡುವೆ ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂರುತ್ತದೆ. ಎರಡನೆಯದು, ಬಿಸಿ ಹೆಚ್ಚಾಯಿತು ಎಂದುಕೊಂಡು ಬಳಸುವವರು ಗಾಳಿ ಕಿಂಡಿ ಮುಚ್ಚುತ್ತಾರೆ. ಮೊದಲೇ ಉಸಿರುಗಟ್ಟಿದ ಬೆಂಕಿಗೆ ಇನ್ನಷ್ಟು ಉಸಿರುಗಟ್ಟುತ್ತದೆ.

ಮಾಂಸ ಇಡುವ ಜಾಲರಿ 304 ಸ್ಟೇನ್‌ಲೆಸ್ ಸ್ಟೀಲ್ ಎಂದು ಹೇಳಿದ್ದೀರಿ. ಬೆಸುಗೆ ಹಾಕಿದಲ್ಲೆಲ್ಲ ಬಿಳಿ ಪುಡಿ ಉದುರುತ್ತಿದೆ, ಮೈಮೇಲೆ ಹರಳು ಹರಳಿನ ಚಿತ್ತಾರವಿದೆ. ಅದು ಸತು ಲೇಪಿಸಿದ ಕಬ್ಬಿಣ. ಹುಳಿ ಹಚ್ಚಿದ ಮಾಂಸಕ್ಕೆ ಸತು ಕರಗಿ ಸೇರುತ್ತದೆ.

ಕೈಪಿಡಿಯ ವಿಷಯಕ್ಕೆ ಬಂದರೆ, ಮೇಲಿನ ಎಲ್ಲ ದೋಷಗಳನ್ನೂ ಹೆಚ್ಚಿಸುವಂತೆಯೇ ಅದನ್ನು ಬರೆದಂತಿದೆ. "ಸೌದೆಯನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ" ಎನ್ನುತ್ತದೆ. ಗಟ್ಟಿ ಮರದ ಒಳಕ್ಕೆ ಅಷ್ಟು ಹೊತ್ತಿನಲ್ಲಿ ನೀರು ಇಳಿಯುವುದಿಲ್ಲ, ಮೇಲ್ಪದರ ಒದ್ದೆಯಾಗುತ್ತದೆ. ಮೊದಲು ಬರುವುದು ಆವಿ, ಅದನ್ನೇ ಹೊಗೆ ಎಂದು ತಿಳಿದು ಮೋಸ ಹೋಗಬೇಕು. "ಹೊಗೆ ಒಳಗೇ ಉಳಿಯಲು ಚಿಮಣಿ ಮುಚ್ಚಿ" ಎನ್ನುತ್ತದೆ. ಚಿಮಣಿ ಪೂರ್ತಿ ತೆರೆದಿರಬೇಕು, ಬಿಸಿಯನ್ನು ಫೈರ್‌ಬಾಕ್ಸ್‌ನ ಕಿಂಡಿಯಿಂದಲೇ ಹಿಡಿತದಲ್ಲಿಡಬೇಕು. ಹಳಸಿದ ಹೊಗೆ ಒಳಗೆ ಸುತ್ತಿದಷ್ಟೂ ಕಹಿ. ಮರದ ತೆಳು ಚಕ್ಕೆ ಮತ್ತು ತುಂಡಿಗೆ ಒಂದೇ ಅಳತೆ ಕೊಟ್ಟಿದ್ದೀರಿ: "ಎರಡು ಹಿಡಿ". ಚಕ್ಕೆ ಹತ್ತು-ಹದಿನೈದು ನಿಮಿಷಕ್ಕೆ ಬೂದಿ. ಮುಷ್ಟಿ ಗಾತ್ರದ ತುಂಡು ಮುಕ್ಕಾಲು ಗಂಟೆಯಾದರೂ ಬರುತ್ತದೆ. ಚೆನ್ನಾಗಿ ಹತ್ತಿದ ಇದ್ದಿಲ ಮೇಲೆ ಅಂಥ ಎರಡು ಮೂರು ತುಂಡು ಸಾಕು. ಹೊಸ ಸ್ಮೋಕರ್‌ನ ಕಾರ್ಖಾನೆ ಎಣ್ಣೆ ಸುಟ್ಟುಹೋಗಲು ಮೊದಲ ಸಲ ಖಾಲಿ ಕಾಯಿಸಬೇಕು ಎಂಬ ಸಾಲು ಮಾತ್ರ ಎಲ್ಲೂ ಇಲ್ಲ.

ಆದರೆ 9ನೇ ಪುಟದ ಒಂದು ಸಾಲಿನ ಮುಂದೆ ಇದೆಲ್ಲ ಸಣ್ಣದು: "ಮಳೆ ಬಂದರೆ ಕಿಟಕಿ ತೆರೆದಿಟ್ಟು ಒಳಗೆ ಬಳಸಬಹುದು." ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಕಿಟಕಿ ತೆರೆದಿದ್ದರೂ ಕೋಣೆಯಲ್ಲಿ ಜನ ಸಾಯಬಹುದು. ಕೆಂಡ ಆರಿದಂತೆ ಕಂಡ ಮೇಲೂ ಗಂಟೆಗಟ್ಟಲೆ ಬರುತ್ತಿರುತ್ತದೆ. ನಮ್ಮ ಹಣದ ವಿಷಯ ತಡವಾದರೂ ಸರಿ, ಈ ಕೈಪಿಡಿ ಹೋಗಿರುವ ಪ್ರತಿಯೊಬ್ಬ ಗ್ರಾಹಕರಿಗೂ ಆ ಸಾಲು ತಪ್ಪು ಎಂಬ ತಿಳಿವಳಿಕೆ ಈ ವಾರವೇ ತಲುಪಬೇಕು.

ನಮಗೆ ಬೇಕಾದದ್ದು ಸ್ಮೋಕರ್ ಮತ್ತು ಎರಡೂ ಚೀಲಗಳ ಪೂರ್ತಿ ಹಣ, ಸಾಗಣೆ ವೆಚ್ಚ ಸೇರಿ. ಬದಲಿ ಮುಚ್ಚಳ, ರಿಯಾಯಿತಿ ಕೂಪನ್ ಬೇಡ. ಜೊತೆಗೆ ಆ ಎರಡನೇ ಚೀಲದ ಸರಕು ಎಲ್ಲಿಂದ ಬಂತು, ಅದೇ ಸರಕು ಇನ್ನೆಷ್ಟು ಚೀಲಗಳಿಗೆ ಹೋಗಿದೆ ಎಂಬುದಕ್ಕೆ ಲಿಖಿತ ಉತ್ತರ ಕೊಡಿ. 15 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ.

ಮುದ್ರೆಯಿರುವ ಚೂರು, ಮೊಳೆ ತೂತಿನದು, ಹಸಿರು ಛಾಯೆಯದು ಮೂರನ್ನೂ ಬೇರೆ ಬೇರೆ ಕಟ್ಟಿ ಇಟ್ಟಿದ್ದೇವೆ. ಪರೀಕ್ಷೆಗೆ ಬೇಕಿದ್ದರೆ ಪ್ರತಿಯೊಂದರಲ್ಲೂ ಅರ್ಧ ಕತ್ತರಿಸಿ ಕೊಡುತ್ತೇವೆ, ಉಳಿದರ್ಧ ನಮ್ಮಲ್ಲೇ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕರು